ಕಸದ ಬುಟ್ಟಿಯ ಕೋಳಿನಿದ್ದೆ

ಪರಂಗಿಹಣ್ಣು ಹೆಚ್ಚುತ್ತಿದ್ದೀರಿ. ಎರಡೂ ಕೈ ಅಂಟು. ಸಿಪ್ಪೆ ಹಿಡಿದು ಕಸದ ಬುಟ್ಟಿಯ ಹತ್ತಿರ ಹೋದರೆ ಮುಚ್ಚಳ ತಾನಾಗಿ ತೆರೆಯುತ್ತದೆ, ಕೈ ತೆಗೆದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಸುರೆ ಕೈಯಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ. ಸೆನ್ಸರ್ ಇರುವ ಬುಟ್ಟಿ ನಮ್ಮ ಮನೆಗೆ ಬಂದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವರು ಅಮ್ಮ. ಆದರೆ ಮೂರು ತಿಂಗಳು ತುಂಬುವುದರೊಳಗೆ ನಾಲ್ಕೂ ಸೆಲ್ ಖಾಲಿ. ಹೊಸದು ಹಾಕಿದರೆ ಮತ್ತೆ ಅದೇ ಕಥೆ.

ಬೈಗುಳ ಬಿದ್ದದ್ದು ನನ್ನ ಮಗನಿಗೆ. "ಸುಮ್ನೆ ಕೈ ಆಡಿಸಿ ಆಡಿಸಿ ಮುಚ್ಚಳ ತೆಗೀತಾನೆ, ಇನ್ನು ಸೆಲ್ ಎಲ್ಲಿ ನಿಲ್ಲತ್ತೆ?" ಅಂದರು ಅಮ್ಮ. ಮಾತು ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಮೋಟಾರ್ ತಿರುಗಿದರೆ ತಾನೇ ವಿದ್ಯುತ್ ಖರ್ಚಾಗುವುದು? ನಾನು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಲು ಕೂತೆ.

ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್‌ನಲ್ಲಿ ಸುಮಾರು 2400 ಮಿಲಿಆಂಪಿಯರ್-ಗಂಟೆಯಷ್ಟು ಸರಕು ಇರುತ್ತದೆ. ಅಂದರೆ 1 ಮಿಲಿಆಂಪಿಯರ್ ಹರಿಸಿದರೆ 2400 ಗಂಟೆ ಬಾಳುತ್ತದೆ, 100 ಹರಿಸಿದರೆ 24 ಗಂಟೆ. ನಾಲ್ಕು ಸೆಲ್ ಇದ್ದರೆ ನಾಲ್ಕು ಪಟ್ಟು ಬಾಳಿಕೆ ಎಂದು ಹಲವರು ಅಂದುಕೊಳ್ಳುತ್ತಾರೆ. ಸಾಲಾಗಿ ಜೋಡಿಸಿದಾಗ ಹೆಚ್ಚಾಗುವುದು ವೋಲ್ಟೇಜ್ ಮಾತ್ರ, ಒಂದೂವರೆಯ ನಾಲ್ಕು ಸೇರಿ 6 ವೋಲ್ಟ್. ನಾಲ್ಕರಲ್ಲೂ ಹರಿಯುವ ಕರೆಂಟ್ ಒಂದೇ. ಹಾಗಾಗಿ ನಾಲ್ಕೂ ಒಟ್ಟಿಗೆ ಖಾಲಿಯಾಗುತ್ತವೆ.

ಈಗ ಮೋಟಾರ್. ಮುಚ್ಚಳ ತೆರೆಯಲು 1 ಸೆಕೆಂಡ್, ಮುಚ್ಚಲು 1 ಸೆಕೆಂಡ್, ಆ ಹೊತ್ತಿನಲ್ಲಿ 300 ಮಿಲಿಆಂಪಿಯರ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 20 ಸಲ ತೆರೆದರೆ ಮೋಟಾರ್ ಓಡುವುದು ಒಟ್ಟು 40 ಸೆಕೆಂಡ್. ಖರ್ಚು ಮೂರೂ ಕಾಲು ಮಿಲಿಆಂಪಿಯರ್-ಗಂಟೆಯ ಆಸುಪಾಸು. ಉಳಿದ 23 ಗಂಟೆ 59 ನಿಮಿಷ 20 ಸೆಕೆಂಡ್ ಬುಟ್ಟಿ ಏನು ಮಾಡುತ್ತದೆ? ಕಾಯುತ್ತದೆ. ಯಾರಾದರೂ ಬಂದರೇ, ಕೈ ಬಂತೇ ಎಂದು ನೋಡುತ್ತಲೇ ಇರುತ್ತದೆ. ಆ ಕಾಯುವಿಕೆಗೆ ಬರೀ 1 ಮಿಲಿಆಂಪಿಯರ್ ಹೋಗುತ್ತಿದ್ದರೂ ದಿನಕ್ಕೆ 24 ಮಿಲಿಆಂಪಿಯರ್-ಗಂಟೆ ಆಯಿತು. ಅಷ್ಟರಲ್ಲಿ ಮುಚ್ಚಳವನ್ನು 144 ಸಲ ತೆರೆದು ಮುಚ್ಚಬಹುದು! ಮಗನ ತಪ್ಪೇನೂ ಇರಲಿಲ್ಲ. ಸೆಲ್ ತಿನ್ನುತ್ತಿದ್ದದ್ದು ಸುಮ್ಮನೆ ಕೂತ ಬುಟ್ಟಿಯೇ.

ಹೀಗೆ ಕಾಯುವಾಗ ಖರ್ಚಾಗುವುದಕ್ಕೆ ಸ್ಟ್ಯಾಂಡ್‌ಬೈ ವಿದ್ಯುತ್ ಎನ್ನುತ್ತಾರೆ. ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳಲ್ಲೂ ಇದೇ ಸೋರಿಕೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಇದನ್ನು ಒಂದು ಸಾಧನಕ್ಕೆ 1 ವಾಟ್‌ಗೆ ಇಳಿಸಬೇಕೆಂದು ಹೇಳಿತು. ವರ್ಷವಿಡೀ 1 ವಾಟ್ ಎಂದರೆ ಒಂಬತ್ತು ಯೂನಿಟ್‌ಗಿಂತ ಸ್ವಲ್ಪ ಕಮ್ಮಿ. ಗೋಡೆಯ ಕರೆಂಟಿನಲ್ಲಿ ಅದು ಬಿಲ್ಲಿನಲ್ಲಿ ಕಾಣದಷ್ಟು ಚಿಕ್ಕದು. ಸೆಲ್‌ನಲ್ಲಿ ಹಾಗಲ್ಲ. ಒಂದು ಪೆನ್ಸಿಲ್ ಸೆಲ್‌ನಿಂದ ಸಿಗುವುದು ಹೆಚ್ಚೂಕಡಿಮೆ 3 ವಾಟ್-ಗಂಟೆ. ಒಂದು ಯೂನಿಟ್ ಆಗಬೇಕಾದರೆ 300ಕ್ಕೂ ಹೆಚ್ಚು ಸೆಲ್ ಬೇಕು. ಸೆಲ್‌ಗೆ 20 ರೂಪಾಯಿ ಎಂದರೂ ಆ ಒಂದು ಯೂನಿಟ್‌ಗೆ 6000 ರೂಪಾಯಿ ದಾಟುತ್ತದೆ. ಅದಕ್ಕೇ ಸೆಲ್ ಹಾಕುವ ವಸ್ತುವಿನಲ್ಲಿ ಮಿಲಿಆಂಪಿಯರ್ ಅಲ್ಲ, ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೊಆಂಪಿಯರನ್ನೂ ಎಣಿಸಬೇಕು.

ಹಾಗಾದರೆ ಬುಟ್ಟಿ ಹೇಗೆ ಕಾಯಬೇಕು?

ಇಂಥ ಬುಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಇನ್‌ಫ್ರಾರೆಡ್ ಸೆನ್ಸರ್. ಟಿವಿ ರಿಮೋಟ್‌ನಲ್ಲಿ ಇರುವಂಥದ್ದೇ ಒಂದು ಎಲ್‌ಇಡಿ, ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಮೇಲಕ್ಕೆ ಬಿಡುತ್ತದೆ. ಕೈ ಅಡ್ಡ ಬಂದರೆ ಬೆಳಕು ತಟ್ಟಿ ವಾಪಸ್ ಬರುತ್ತದೆ, ಪಕ್ಕದ ಫೋಟೊಡಯೋಡ್ ಅದನ್ನು ಹಿಡಿಯುತ್ತದೆ. ಈ ಎಲ್‌ಇಡಿಗೆ 50 ಮಿಲಿಆಂಪಿಯರ್ ಬೇಕು ಅನ್ನಿ. ಬಿಡದೆ ಉರಿಸಿದರೆ ಎರಡೇ ದಿನಕ್ಕೆ ಸೆಲ್ ಖಾಲಿ. ಆದರೆ ಬಿಡದೆ ಉರಿಸಬೇಕಾದ್ದು ಯಾಕೆ? ಮನುಷ್ಯನ ಕೈ ಅಷ್ಟೇನೂ ಬೇಗ ಓಡುವುದಿಲ್ಲ. ಸೆಕೆಂಡಿಗೆ ನಾಲ್ಕು ಸಲ ನೋಡಿದರೆ ಸಾಕು. ಒಂದೊಂದು ಸಲಕ್ಕೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ಮಿನುಗಿದರೆ ಸಾಕು. ಆಗ ಸರಾಸರಿ ಎಷ್ಟಾಯಿತು? 20 ಮೈಕ್ರೊಆಂಪಿಯರ್. ಎರಡು ಸಾವಿರದ ಐನೂರು ಪಟ್ಟು ಉಳಿತಾಯ.

ಬುಟ್ಟಿಯ ಮಿದುಳಾದ ಮೈಕ್ರೊಕಂಟ್ರೋಲರ್ ಕೂಡ ಹೀಗೆಯೇ ಮಲಗಬೇಕು. ನಮ್ಮಲ್ಲಿ ಕೋಳಿನಿದ್ದೆ ಅನ್ನುತ್ತಾರಲ್ಲ, ಕಣ್ಣು ಮುಚ್ಚಿದ ಹಾಗೆ ಮಾಡಿ ಮತ್ತೆ ಎಚ್ಚರವಾಗುವುದು, ಅದೇ. ವಿದ್ಯಾರ್ಥಿಗಳು ಪ್ರಯೋಗಕ್ಕೆ ಬಳಸುವ ಆರ್ಡುಯಿನೊ ಎಂಬ ಪುಟ್ಟ ಬೋರ್ಡಿನಲ್ಲಿರುವ ಎಟಿಮೆಗಾ 328ಪಿ ಚಿಪ್ ಎಚ್ಚರವಿದ್ದಾಗ ಕೆಲವು ಮಿಲಿಆಂಪಿಯರ್ ಕೇಳುತ್ತದೆ. ಗಾಢ ನಿದ್ದೆಯಲ್ಲಿ, ತನ್ನನ್ನು ಎಬ್ಬಿಸುವ ಪುಟ್ಟ ಗಡಿಯಾರವೊಂದನ್ನು ಮಾತ್ರ ಓಡಿಸಿಕೊಂಡು, 4-5 ಮೈಕ್ರೊಆಂಪಿಯರ್‌ನಲ್ಲಿ ಇರಬಲ್ಲದು. ಕಾಲು ಸೆಕೆಂಡಿಗೊಮ್ಮೆ ಎದ್ದು, ಎಲ್‌ಇಡಿ ಮಿನುಗಿಸಿ, ಏನೂ ಇಲ್ಲದಿದ್ದರೆ ಮತ್ತೆ ಮಲಗಬೇಕು. ಎದ್ದಿರುವುದು ಪ್ರತಿ ಸಲ 1 ಮಿಲಿಸೆಕೆಂಡ್ ಮಾತ್ರ. ಸೆನ್ಸರ್, ಚಿಪ್ ಎಲ್ಲ ಸೇರಿಸಿದರೂ ಕಾಯುವ ಖರ್ಚು 50 ಮೈಕ್ರೊಆಂಪಿಯರ್ ಒಳಗೆ ಬರುತ್ತದೆ. ಈ ಲೆಕ್ಕ ನೋಡಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಹೊಸ ಸಾಮಾನು ಏನೂ ಬೇಡ, ಸರಿಯಾದ ಹೊತ್ತಿನಲ್ಲಿ ಮಲಗಿದರೆ ಸಾಕು.

ಎದ್ದ ಆ ಒಂದು ಕ್ಷಣದಲ್ಲೂ ಒಂದು ಜಾಣತನ ಬೇಕು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಬೆಳಕು ತುಂಬ ಇರುತ್ತದೆ. ಸಂಜೆ ಬಿಸಿಲು ಕಿಟಕಿಯಿಂದ ಬುಟ್ಟಿಯ ಮೇಲೆ ಬಿದ್ದರೆ ಸೆನ್ಸರ್ ಮೋಸಹೋಗಿ ಮುಚ್ಚಳವನ್ನು ಸುಮ್ನೆ ತೆರೆಯಬಹುದು. ಅದಕ್ಕೆ ಎಲ್‌ಇಡಿ ಆರಿಸಿ ಒಮ್ಮೆ, ಬೆಳಗಿಸಿ ಒಮ್ಮೆ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಉಳಿದದ್ದು ಕೈಯಿಂದ ವಾಪಸ್ ಬಂದ ಬೆಳಕು. ಹೀಗೆ ಮಾಡದ ಬುಟ್ಟಿಯನ್ನು ಬಿಸಿಲು ಬೀಳದ ಮೂಲೆಗೆ ಸರಿಸಿದರೂ ಸೆಲ್ ಉಳಿಯುತ್ತದೆ.

ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್‌ಗಳಲ್ಲಿ ಸ್ಮಾರ್ಟ್ ಡಸ್ಟ್‌ಬಿನ್ ತುಂಬ ಸಾಮಾನ್ಯ. ಆರ್ಡುಯಿನೊ ಬೋರ್ಡ್, ಶಬ್ದ ಕಳಿಸಿ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಹೇಳಿದಷ್ಟೇ ತಿರುಗಿ ಮುಚ್ಚಳ ಎತ್ತುವ ಒಂದು ಸರ್ವೊ ಮೋಟಾರ್. ಪ್ರದರ್ಶನದ ದಿನ ಚೆನ್ನಾಗಿ ಕೆಲಸ ಮಾಡುತ್ತದೆ, ಮನೆಗೆ ತಂದರೆ ಎರಡು ದಿನದಲ್ಲಿ ನಿಲ್ಲುತ್ತದೆ. ಆರ್ಡುಯಿನೊದ ಊನೊ ಎಂಬ ಬೋರ್ಡ್ ಏನೂ ಮಾಡದೆ ಕೂತರೂ 50 ಮಿಲಿಆಂಪಿಯರ್ ಹತ್ತಿರ ತಿನ್ನುತ್ತದೆ. ಚಿಪ್ ಒಂದನ್ನು ಮಲಗಿಸಿದರೆ ಸಾಲದು. ಬೋರ್ಡ್ ಮೇಲೆ ಯುಎಸ್‌ಬಿಗಾಗಿ ಇನ್ನೊಂದು ಚಿಪ್ ಎದ್ದಿರುತ್ತದೆ, ಸದಾ ಉರಿಯುವ ಪವರ್ ಲೈಟ್ ಇರುತ್ತದೆ. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡಲು 78 ಸರಣಿಯ ಹಳೆಯ ರೆಗ್ಯುಲೇಟರ್ ಬಳಸಿದರೆ ಅದು ತನ್ನ ಪಾಲಿಗೇ 4-5 ಮಿಲಿಆಂಪಿಯರ್ ಎತ್ತಿಕೊಳ್ಳುತ್ತದೆ. ಸರ್ವೊ ನಿಂತಿದ್ದಾಗಲೂ ಅದರೊಳಗಿನ ಸರ್ಕ್ಯೂಟ್ ಕರೆಂಟ್ ಎಳೆಯುತ್ತಿರುತ್ತದೆ. ನನ್ನ ಸಲಹೆ ಇಷ್ಟು: ಬೋರ್ಡ್ ಬಿಟ್ಟು ಬರಿಯ ಚಿಪ್ ಬಳಸಿ. ಸರ್ವೊ ಮತ್ತು ಸೆನ್ಸರ್‌ಗೆ ಹೋಗುವ ದಾರಿಯಲ್ಲಿ ಸ್ವಿಚ್‌ನಂತೆ ಕೆಲಸ ಮಾಡುವ ಒಂದು ಮಾಸ್‌ಫೆಟ್ ಇಟ್ಟು, ಬೇಕಾದಾಗ ಮಾತ್ರ ವಿದ್ಯುತ್ ಕೊಡಿ. ಕಸ ತುಂಬಿ ಮುಚ್ಚಳ ಸಿಕ್ಕಿಕೊಂಡರೆ ಮೋಟಾರ್ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಎರಡು ಸೆಕೆಂಡ್ ಆದಮೇಲೆ ಪ್ರಯತ್ನ ಬಿಟ್ಟುಬಿಡು ಎಂದು ಪ್ರೋಗ್ರಾಮ್‌ನಲ್ಲಿ ಬರೆದಿರಬೇಕು.

ಇದು ಬರೀ ದುಡ್ಡಿನ ಮಾತಲ್ಲ. ಸತ್ತ ಆಲ್ಕಲೈನ್ ಸೆಲ್ ಒಳಗೇ ಉಳಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ ಸ್ಪ್ರಿಂಗ್‌ಗಳನ್ನು ತಿನ್ನುತ್ತದೆ. ತೆಗೆದು ಹಸಿ ಕಸಕ್ಕೆ ಹಾಕಿದರೆ ಗೊಬ್ಬರದಲ್ಲಿ ಲೋಹ ಸೇರುತ್ತದೆ. ಎಷ್ಟೋ ಸೆಲ್‌ಗಳ ಮೇಲೆ ಕಸದ ಬುಟ್ಟಿಯ ಚಿತ್ರಕ್ಕೆ ಅಡ್ಡಗೆರೆ ಎಳೆದಿರುತ್ತಾರೆ, ನೋಡಿ. ಬುಟ್ಟಿಗೆ ಹಾಕಬೇಡಿ ಎಂದು ಅದರ ಅರ್ಥ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ.

ಕಾಲಿನಿಂದ ಒತ್ತಿದರೆ ತೆರೆಯುವ ಬುಟ್ಟಿಯೂ ಇದೆ, ಕಾಯಲು ಅದಕ್ಕೆ ಏನೂ ಬೇಡ. ಅದನ್ನು ರೂಪಿಸಿದ ಹೆಸರು ಅಮೆರಿಕದ ಇಂಜಿನಿಯರ್ ಲಿಲಿಯನ್ ಗಿಲ್‌ಬ್ರೆತ್ ಅವರಿಗೆ ಸಲ್ಲುತ್ತದೆ. ಹನ್ನೆರಡು ಮಕ್ಕಳ ತಾಯಿ, ಅಡುಗೆಮನೆಯ ಒಂದೊಂದು ಹೆಜ್ಜೆಯನ್ನೂ ಅಳೆದು ನೋಡಿದವರು. ಮಂಡಿನೋವಿರುವ ನಮ್ಮ ಅಮ್ಮನಿಗೆ ಕಾಲು ಒತ್ತುವುದು ಕಷ್ಟ. ಅವರಿಗೆ ಸೆನ್ಸರ್ ಬುಟ್ಟಿಯೇ ಬೇಕು. ಅದಕ್ಕೇ ಅದು ಚೆನ್ನಾಗಿ ಮಲಗಲು ಕಲಿಯಲಿ ಎಂಬ ಆಸೆ ನನಗೆ.

ನಿಮ್ಮ ಮನೆಯ ಬುಟ್ಟಿ ಹೇಗೆ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಹೊಸ ಆಲ್ಕಲೈನ್ ಪೆನ್ಸಿಲ್ ಸೆಲ್ ಹಾಕಿದ ದಿನ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಸೆಲ್ ಇಡುವ ಜಾಗದ ಮುಚ್ಚಳದ ಒಳಗೆ ಅಂಟಿಸಿ. ಹತ್ತು ದಿನಕ್ಕೆ ಮುಗಿದರೆ ಎಲ್ಲೋ 10 ಮಿಲಿಆಂಪಿಯರ್ ಸೋರುತ್ತಿದೆ, ಬುಟ್ಟಿಯ ಮೇಲೆ ಚಂದಕ್ಕೆಂದು ಸದಾ ಉರಿಯುವ ಲೈಟ್ ಇದ್ದರೆ ಮೊದಲು ಅದರ ಮೇಲೆ ಅನುಮಾನ ಪಡಿ. ಮೂರು ತಿಂಗಳಾದರೆ 1 ಮಿಲಿಆಂಪಿಯರ್. ದಿನಕ್ಕೆ 20 ಸಲ ತೆರೆದೂ ವರ್ಷ ದಾಟಿದರೆ ಒಳಗಿನ ಚಿಪ್ ಕೋಳಿನಿದ್ದೆ ಕಲಿತಿದೆ. ನಮ್ಮ ಬುಟ್ಟಿಗೆ ಚೀಟಿ ಬರೆದು ಅಂಟಿಸಿದವನು ಮಗ.