ಸೆಕೆಂಡು ಎಣಿಸಿದರೆ ಪಕ್ಷಪಾತ ಸಿಗುವುದಿಲ್ಲ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಸುದ್ದಿ ಚಾನೆಲ್ಲಿನ ಹುಬ್ಬಳ್ಳಿ ಕಚೇರಿಗೆ ಒಂದೇ ಥರದ ಫೋನುಗಳು ಶುರುವಾಗುತ್ತವೆ. 'ಏನ್ರೀ ಸರ್, ಅವರ ಭಾಷಣ ಎರಡು ನಿಮಿಷ ಹಾಕೀರಿ, ನಮ್ಮ ಸಾಹೇಬ್ರದು ನಲವತ್ತು ಸೆಕೆಂಡೂ ಇಲ್ಲಲ್ರೀ?' ಪಕ್ಷ ಯಾವುದೇ ಇರಲಿ, ಮಾತು ಇದೇ. ಹಾವೇರಿ ಕಡೆಯ ಹಿರಿಯ ಕಾರ್ಯಕರ್ತರೊಬ್ಬರು ರಾತ್ರಿ ಬುಲೆಟಿನ್ ಹೊತ್ತಿಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದೇ ಕೂರುತ್ತಾರೆ. ಯಾರಿಗೆ ಎಷ್ಟು ಸೆಕೆಂಡು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುತ್ತಾರೆ. ಅವರ ಮೇಲೆ ನನಗೆ ಪ್ರೀತಿ ಇದೆ. ಸುದ್ದಿಯನ್ನು ಅಷ್ಟು ಗಮನವಿಟ್ಟು ನೋಡುವವರು ಈಗ ಕಡಿಮೆ. ಆದರೆ ಅಷ್ಟೆಲ್ಲ ಶ್ರಮ ಹಾಕಿ ಅಳೆಯುವುದು ಅಳೆಯಬೇಕಾದದ್ದನ್ನಲ್ಲ.

ಪಕ್ಷಪಾತ ಇಲ್ಲ ಅಂತ ವಾದಿಸಲು ಇದನ್ನು ಬರೆಯುತ್ತಿಲ್ಲ. ಇದೆ. ಮಾಲೀಕರ ಒಲವು, ಜಾಹೀರಾತಿನ ಒತ್ತಡ ಎಲ್ಲರಿಗೂ ಗೊತ್ತಿರುವ ಸಂಗತಿ, ಅದನ್ನು ಬಿಡೋಣ. ಯಾವ ಚಾನೆಲ್ಲಿನಲ್ಲಿ ಎಷ್ಟು ಅಂತ ತೀರ್ಪು ಕೊಡುವ ಅಧಿಕಾರವೂ ನನಗಿಲ್ಲ. ನನ್ನ ತಕರಾರು ಒಂದೇ. ಸಮಯ ಸಮನಾಗಿ ಹಂಚಿದರೆ ಸುದ್ದಿ ನಿಷ್ಪಕ್ಷಪಾತ ಆಯಿತು ಅಂತ ಜನ ನಂಬಿಬಿಟ್ಟಿದ್ದಾರೆ.

ಡೆಸ್ಕಿನಲ್ಲಿ ಒಂದು ಸ್ಟೋರಿ ಹೇಗೆ ತಯಾರಾಗುತ್ತದೆ ನೋಡಿ. ವಿಷಯ ಮಹದಾಯಿ, ಅಂದರೆ ಆ ನದಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ. ಈ ಭಾಗದಲ್ಲಿ ಅದರ ಮಾತು ಬರದ ಚುನಾವಣೆ ಇಲ್ಲ. ಒಂದೂವರೆ ನಿಮಿಷದ ಪ್ಯಾಕೇಜ್. ಆಡಳಿತ ಪಕ್ಷದವರ ಬೈಟ್ (ಕ್ಯಾಮೆರಾ ಮುಂದೆ ಆಡಿದ ಮಾತಿನ ತುಣುಕು) ಇಪ್ಪತ್ತು ಸೆಕೆಂಡ್, 'ಹಿಂದಿನವರು ಏನೂ ಮಾಡಲಿಲ್ಲ.' ವಿರೋಧ ಪಕ್ಷದವರ ಬೈಟ್ ಇಪ್ಪತ್ತು ಸೆಕೆಂಡ್, 'ಇವರಿಗೆ ಇಚ್ಛಾಶಕ್ತಿ ಇಲ್ಲ.' ನಡುವೆ ನರಗುಂದದ ರೈತರೊಬ್ಬರು ಹತ್ತು ಸೆಕೆಂಡ್, 'ಎಲ್ಲಾರೂ ನಮಗ ಮೋಸ ಮಾಡ್ಯಾರ್ರಿ.' ಉಳಿದ ಹೊತ್ತು ಮಲಪ್ರಭಾ ಜಲಾಶಯದ ಹಳೇ ವಿಡಿಯೊ, ಅದರ ಮೇಲೆ ವಾಯ್ಸ್ ಓವರ್. ಸ್ಟಾಪ್‌ವಾಚ್ ಹಿಡಿದವರಿಗೆ ಇದರಲ್ಲಿ ಒಂದು ತಪ್ಪೂ ಸಿಗುವುದಿಲ್ಲ.

ಈಗ ಇದರಲ್ಲಿ ಏನಿಲ್ಲ ಅಂತ ನೋಡಿ. ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ. ಅದರಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಸಿಕ್ಕಿದ್ದು 3.9 ಟಿಎಂಸಿ ಮಾತ್ರ. ಕಳಸಾದಿಂದ 1.72, ಬಂಡೂರಿಯಿಂದ 2.18. ದೊಡ್ಡ ಪಾಲು, 8.02 ಟಿಎಂಸಿ, ವಿದ್ಯುತ್ ಉತ್ಪಾದನೆಗೆ. ಈ ಎರಡು ಹಳ್ಳಗಳಿಂದ ನಾವು ಕೇಳಿದ್ದು 7.56. ತೀರ್ಪು ಗೆಜೆಟ್‌ನಲ್ಲಿ ಬಂದದ್ದು 2020ರ ಫೆಬ್ರವರಿಯಲ್ಲಿ. ಕೇಂದ್ರ ಜಲ ಆಯೋಗ ಯೋಜನೆಯ ವಿವರವಾದ ವರದಿ (ಡಿಪಿಆರ್) ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ. ಅರಣ್ಯ, ವನ್ಯಜೀವಿ ಅನುಮತಿಯ ಪ್ರಶ್ನೆ ಆಮೇಲೂ ಉಳಿದುಕೊಂಡಿತು. ತೀರ್ಪು ಬಂದ ಮೇಲೆ ರಾಜ್ಯದ ಮೂರೂ ದೊಡ್ಡ ಪಕ್ಷಗಳು ಒಂದಲ್ಲ ಒಂದು ಸಲ ಸರ್ಕಾರದಲ್ಲಿ ಇದ್ದವು.

ಹಾಗಿದ್ದ ಮೇಲೆ ಎಲ್ಲರಿಗೂ ಕೇಳಬೇಕಾದ ಪ್ರಶ್ನೆ ಒಂದೇ, ಅಲ್ವಾ? ನಿಮ್ಮ ಕಾಲದಲ್ಲಿ ಯಾವ ಅನುಮತಿಗೆ ಯಾವಾಗ ಅರ್ಜಿ ಹಾಕಿದಿರಿ, ಆ ಕಡತ ಈಗ ಯಾರ ಟೇಬಲ್ ಮೇಲಿದೆ? ಅದನ್ನು ಕೇಳದೆ ಇಬ್ಬರಿಗೂ ಇಪ್ಪತ್ತಿಪ್ಪತ್ತು ಸೆಕೆಂಡ್ ಕೊಟ್ಟರೆ ಇಬ್ಬರೂ ಪಾರಾಗುತ್ತಾರೆ. ನವಲಗುಂದದಲ್ಲೋ ನರಗುಂದದಲ್ಲೋ ಟಿವಿ ಮುಂದೆ ಕೂತವರಿಗೆ ಏನೂ ತಿಳಿಯುವುದಿಲ್ಲ. ಸಮಯ ಸಮ ಇದ್ದರೂ ನಾನು ಅದನ್ನು ಪಕ್ಷಪಾತದ ಸುದ್ದಿ ಅಂತಲೇ ಕರೆಯುತ್ತೇನೆ. ಅದು ಎರಡೂ ಪಕ್ಷಗಳ ಪರ, ನೋಡುವವರ ವಿರುದ್ಧ.

ಇದನ್ನು ಹೇಳಿದಾಗ ಜನ ಹೌದು ಹೌದು ಅನ್ನುತ್ತಾರೆ. ಮರುದಿನ ಮತ್ತೆ ಸೆಕೆಂಡಿನ ಲೆಕ್ಕ. ಹಾಗಾಗಿ ಇನ್ನೊಂದು ಥರ ಹೇಳುತ್ತೇನೆ. ಗದಗ-ಬೆಟಗೇರಿಯಲ್ಲಿ ನಲ್ಲಿ ನೀರಿನ ಜಗಳ ಅಂತಿಟ್ಟುಕೊಳ್ಳಿ. ಒಬ್ಬರು 'ಸರಿಯಾಗಿ ನೀರು ಬಿಡಾಕತ್ತೇವಿ' ಅನ್ನುತ್ತಾರೆ. ಇನ್ನೊಬ್ಬರು 'ಹದಿನೈದು ದಿನ ಆದ್ರೂ ಹನಿ ನೀರಿಲ್ಲ' ಅನ್ನುತ್ತಾರೆ. ಇಬ್ಬರ ಬೈಟನ್ನೂ ಹಿಂದೆ ಮುಂದೆ ಜೋಡಿಸಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನೀರು ಬಂತೋ ಇಲ್ಲವೋ ಅನ್ನುವುದು ಅಭಿಪ್ರಾಯದ ಮಾತಲ್ಲ. ಬೆಟಗೇರಿಯ ನಾಲ್ಕು ಓಣಿ ಸುತ್ತಿದರೆ ಗೊತ್ತಾಗುತ್ತದೆ. ಎಷ್ಟೋ ಮನೆಗಳಲ್ಲಿ ನೀರು ಬಂದ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಪೆನ್ನಿಂದ ಸುತ್ತು ಹಾಕಿಟ್ಟಿರುತ್ತಾರೆ. ಆ ಕ್ಯಾಲೆಂಡರ್ ಮೇಲೆ ಕ್ಯಾಮೆರಾ ಇಡಬೇಕು. ನೀರು ಬಿಡುವ ವಾಲ್ವ್‌ಮನ್‌ನನ್ನು ಮಾತಾಡಿಸಬೇಕು. ನಗರಸಭೆಯ ದಾಖಲೆ ಕೇಳಬೇಕು. ಮೂರೂ ತಾಳೆಯಾದರೆ ಯಾರ ಮಾತು ನಿಜ ಅಂತ ಬಾಯಿಬಿಟ್ಟು ಹೇಳಬೇಕು.

ತಪ್ಪು ಹೇಳಿದವರಿಗೂ ಉತ್ತರ ಕೊಡಲು ಅವಕಾಶ ಕೊಡಬೇಕು, ಖಂಡಿತ. ಆದರೆ ನಿಜಕ್ಕೂ ಸುಳ್ಳಿಗೂ ಅರ್ಧರ್ಧ ಹಂಚುವುದು ನ್ಯಾಯ ಅಲ್ಲ. ಮೀಸಲಾತಿ ಇಷ್ಟಿರಬೇಕು, ತೆರಿಗೆ ಅಷ್ಟಿರಬೇಕು ಅನ್ನುವಂಥ ವಾದಗಳಲ್ಲಿ ಎಲ್ಲ ಕಡೆಯವರನ್ನೂ ಕೇಳಿಸಬೇಕು. ಹೋಗಿ ನೋಡಿ ತಿಳಿಯಬಹುದಾದದ್ದನ್ನು ಹೋಗಿ ನೋಡಬೇಕು.

'ಸಮಾನ ಸಮಯ ಕೊಡಬೇಕಂತ ಕಾನೂನೇ ಐತಲ್ರೀ' ಅಂತ ಕೇಳುವವರೂ ಇದ್ದಾರೆ. ಅವರ ಮನಸ್ಸಿನಲ್ಲಿರುವುದು ಆಕಾಶವಾಣಿ, ದೂರದರ್ಶನದ ಚುನಾವಣಾ ಭಾಷಣಗಳು. ಪಕ್ಷಗಳಿಗೆ ಅಲ್ಲಿ ಉಚಿತ ಸಮಯ ಕೊಡುವುದು 1977ರ ಲೋಕಸಭೆ ಚುನಾವಣೆಯಿಂದ ನಡೆದುಬಂದಿದೆ. 2003ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ 39ಎ ಕಲಮು ಸೇರಿಸಿ ಇದಕ್ಕೆ ಕಾನೂನಿನ ಬಲ ಕೊಟ್ಟರು. ಅಲ್ಲಿ ಕೂಡ ಎಲ್ಲರಿಗೂ ಒಂದೇ ಅಳತೆ ಇಲ್ಲ. ಮಾನ್ಯತೆ ಪಡೆದ ಪಕ್ಷಗಳಿಗೆ ಮೊದಲು ಒಂದಿಷ್ಟು ಸಮಯ ಸಮನಾಗಿ ಸಿಗುತ್ತದೆ. ಅದರ ಮೇಲಿನದ್ದು ಹಿಂದಿನ ಚುನಾವಣೆಯಲ್ಲಿ ಪಡೆದ ಮತದ ಲೆಕ್ಕದಲ್ಲಿ. ಯಾವ ದಿನ, ಯಾವ ಹೊತ್ತು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಅದು ಪಕ್ಷಗಳು ತಮ್ಮ ಮಾತನ್ನು ತಾವೇ ಹೇಳಿಕೊಳ್ಳುವ ಸಮಯ. ಸುದ್ದಿಗೆ ಆ ನಿಯಮ ಇಲ್ಲ, ಇರಲೂಬಾರದು. ಬ್ರಿಟನ್ನಿನಲ್ಲಿ ಟಿವಿ ಸುದ್ದಿ ನಿಷ್ಪಕ್ಷಪಾತವಾಗಿರಬೇಕು ಅಂತ ಕಾನೂನೇ ಇದೆ. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಕೂಡ ಎಲ್ಲ ಅಭಿಪ್ರಾಯಕ್ಕೂ ಸಮಾನ ಸಮಯ ಕೊಡಬೇಕಿಲ್ಲ ಅಂತ ತನ್ನ ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಏನನ್ನು ನೋಡಬೇಕು? ಮೊದಲು ಚಿತ್ರವನ್ನು ನೋಡಿ. ಈಗ ಎಷ್ಟೋ ದೊಡ್ಡ ಸಮಾವೇಶಗಳ ವಿಡಿಯೊವನ್ನು ಪಕ್ಷದವರೇ ಶೂಟ್ ಮಾಡಿಸಿ ಚಾನೆಲ್‌ಗಳಿಗೆ ಫೀಡ್ ಕೊಡುತ್ತಾರೆ. ಡ್ರೋನ್ ಅವರದು, ಕ್ರೇನ್ ಅವರದು, ಯಾವ ಶಾಟ್ ಹೋಗಬೇಕು ಅಂತ ಆರಿಸುವವರೂ ಅವರೇ. ನಮ್ಮ ಕ್ಯಾಮೆರಾಮನ್‌ಗೆ ಜನರ ಹಿಂದೆ ಎಲ್ಲೋ ಒಂದು ಜಾಗ. ಅವರ ಫೀಡಿನಲ್ಲಿ ಪೆಂಡಾಲಿನ ಹಿಂದಿನ ಖಾಲಿ ಕುರ್ಚಿ ಬರುವುದಿಲ್ಲ. ಊಟ ಆದ ಮೇಲೆ ಎದ್ದುಹೋದವರು ಬರುವುದಿಲ್ಲ. ಪಕ್ಷೇತರ ಅಭ್ಯರ್ಥಿಗೆ ಡ್ರೋನ್ ಎಲ್ಲಿಂದ ಬರಬೇಕು? ಅವರ ಸಭೆ ಮೊಬೈಲ್ ವಿಡಿಯೊದಲ್ಲಿ ಸಣ್ಣದಾಗಿಯೇ ಕಾಣುತ್ತದೆ. ಇಬ್ಬರಿಗೂ ಮೂವತ್ತು ಸೆಕೆಂಡ್ ಕೊಟ್ಟರೂ ಇದು ಸರಿಹೋಗುವುದಿಲ್ಲ. ಪಕ್ಷ ಕೊಟ್ಟ ಫೀಡ್ ಆದರೆ ಪರದೆ ಮೇಲೆ ಹಾಗೆಂದು ಬರೆಯಬೇಕು. ಇದನ್ನು ನಾನು ಡೆಸ್ಕಿನಲ್ಲಿ ಹಟ ಹಿಡಿದು ಹೇಳುತ್ತೇನೆ.

ಆಮೇಲೆ ಪ್ರಶ್ನೆಯನ್ನು ನೋಡಿ. ಚರ್ಚೆಯಲ್ಲಿ ಒಬ್ಬರಿಗೆ 'ದಾಖಲೆ ಎಲ್ಲಿ?' ಅಂತ ಕೇಳಿದ ನಿರೂಪಕರು ಇನ್ನೊಬ್ಬರಿಗೂ ಅದನ್ನೇ ಕೇಳಿದರಾ? ಒಬ್ಬರ ಮಾತನ್ನು ಎಲ್ಲಿ ತಡೆದರು, ಇನ್ನೊಬ್ಬರನ್ನು ಎಲ್ಲಿ ಸುಮ್ನೆ ಮಾತಾಡಲು ಬಿಟ್ಟರು? ನಾಲ್ಕು ದಿನ ಇದನ್ನೇ ಗಮನಿಸಿ. ಸ್ಟಾಪ್‌ವಾಚ್ ಬೇಕೆನಿಸುವುದಿಲ್ಲ.

ದೂರು ಕೊಡುವವರು ಬಹಳ ಸಲ ವಿಳಾಸ ತಪ್ಪುತ್ತಾರೆ. ಪ್ರೆಸ್ ಕೌನ್ಸಿಲ್‌ಗೆ ಬರೆಯುತ್ತಾರೆ. ಅದರ ವ್ಯಾಪ್ತಿ ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳಿಗೆ, ಟಿವಿಗೆ ಅಲ್ಲ. ಟಿವಿ ಸುದ್ದಿಯ ದೂರು ಮೊದಲು ಆ ಚಾನೆಲ್‌ಗೇ ಹೋಗಬೇಕು. ಫೋನಿನಲ್ಲಿ ಬೈಯಬೇಡಿ, ಬರವಣಿಗೆಯಲ್ಲಿ ಕೊಡಿ. ತಡ ಮಾಡಬೇಡಿ, ವಾರದೊಳಗೆ ಕೊಟ್ಟರೆ ಒಳ್ಳೆಯದು. ಯಾವ ದಿನ, ಯಾವ ಹೊತ್ತಿನ ಬುಲೆಟಿನ್, ಯಾವ ಸಂಗತಿ ತಪ್ಪು, ಯಾವ ಪ್ರಶ್ನೆಯನ್ನು ಒಬ್ಬರಿಗೆ ಕೇಳಿ ಇನ್ನೊಬ್ಬರಿಗೆ ಬಿಟ್ಟರು ಅಂತ ಬರೆಯಿರಿ. ಕ್ಲಿಪ್ ಉಳಿಸಿಟ್ಟುಕೊಳ್ಳಿ. ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ಎನ್‌ಬಿಡಿಎಸ್‌ಎಗೆ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ) ಹೋಗಬಹುದು. ಅದು ಸುದ್ದಿವಾಹಿನಿಗಳೇ ಸೇರಿ 2008ರಲ್ಲಿ ಮಾಡಿಕೊಂಡ ವ್ಯವಸ್ಥೆ. ಎಲ್ಲ ಚಾನೆಲ್‌ಗಳೂ ಅದರ ಸದಸ್ಯರಲ್ಲ. ನೀವು ದೂರು ಕೊಡುತ್ತಿರುವ ಚಾನೆಲ್ ಆ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.