ನಾಡಿ ಹಿಡಿದರೆ ಟ್ಯೂಬ್ ಗರ್ಭ ಗೊತ್ತಾಗುತ್ತಾ?

ಪ್ರಶ್ನೆ: ಚೀನೀ ಧಾರಾವಾಹಿಗಳಲ್ಲಿ ಅರಮನೆ ವೈದ್ಯ ಮಣಿಕಟ್ಟು ಹಿಡಿದು ‘ರಾಣಿ ಬಸುರಿ’ ಎಂದುಬಿಡುತ್ತಾನೆ. ಗರ್ಭಕೋಶದ ಹೊರಗೆ, ಟ್ಯೂಬ್‌ನಲ್ಲಿ (ಅಂಡನಾಳದಲ್ಲಿ) ನಿಂತ ಗರ್ಭವನ್ನೂ ಹೀಗೆ ನಾಡಿಯಿಂದಲೇ ಹೇಳಬಹುದಾ?

ಆಗುವುದಿಲ್ಲ. ವೈದ್ಯ ಎಷ್ಟೇ ಪಳಗಿದವನಾಗಿರಲಿ, ಆಗುವುದಿಲ್ಲ.

ಚೀನೀ ಪದ್ಧತಿಯಲ್ಲಿ ಮಣಿಕಟ್ಟಿನ ಮೂರು ಜಾಗದಲ್ಲಿ ಮೂರು ಬೆರಳಿಡುತ್ತಾರೆ. ಮೊದಲು ಹಗುರಾಗಿ, ಆಮೇಲೆ ಒತ್ತಿ ನೋಡುತ್ತಾರೆ. ಎರಡೂ ಕೈಯಲ್ಲಿ. ಚೀನೀ ವೈದ್ಯ ಲೀ ಶಿಝೆನ್ 1564ರಲ್ಲಿ ಬರೆದ ನಾಡಿ ಗ್ರಂಥದಲ್ಲಿ 27 ಬಗೆಯ ನಾಡಿಗಳಿವೆ. ಅದರಲ್ಲೊಂದು ‘ಹುವಾ ಮಾಯ್’, ಅಂದರೆ ಜಾರುವ ನಾಡಿ. ತಟ್ಟೆಯ ಮೇಲೆ ಮುತ್ತು ಉರುಳಿದ ಹಾಗೆ ಬೆರಳಿಗೆ ತಾಕುತ್ತದೆ ಅಂತ ಅವರು ಹೇಳುತ್ತಾರೆ. ಬಸುರಿಯ ನಾಡಿ ಎಂದು ಹೆಸರಾದದ್ದು ಇದೇ. ಆದರೆ ಕಫ ಕಟ್ಟಿದವರಿಗೂ, ಅಜೀರ್ಣ ಆದವರಿಗೂ, ಗಟ್ಟಿಮುಟ್ಟಾದ ಹರೆಯದವರಿಗೂ ಇದೇ ನಾಡಿ ಇರುತ್ತದೆ ಅಂತ ಅದೇ ಪರಂಪರೆ ಹೇಳುತ್ತದೆ. ಹಾಗಾಗಿ ಹಳೆಯ ವೈದ್ಯರು ಮುಟ್ಟು ನಿಂತಿದೆಯಾ, ವಾಂತಿ ಬರುತ್ತಾ ಅಂತಲೂ ಕೇಳುತ್ತಿದ್ದರು. ಧಾರಾವಾಹಿಯಲ್ಲಿ ಆ ಭಾಗ ಬರಲ್ಲ, ಅಷ್ಟೇ.

2014ರಲ್ಲಿ ಬೀಜಿಂಗ್‌ನ ಸುಟ್ಟಗಾಯದ ವೈದ್ಯರೊಬ್ಬರು ಚೀನಾದ ಸಾಮಾಜಿಕ ಜಾಲತಾಣ ವೈಬೋದಲ್ಲಿ ಹಣ ಕಟ್ಟಿ ಸವಾಲು ಹಾಕಿದ್ದರು: ನಾಡಿ ಮಾತ್ರ ನೋಡಿ ಯಾರು ಬಸುರಿ, ಯಾರು ಅಲ್ಲ ಅಂತ 80% ಸರಿಯಾಗಿ ಹೇಳಿ. ಚೀನೀ ಪದ್ಧತಿಯ ವೈದ್ಯರೊಬ್ಬರು ಒಪ್ಪಿದರು. ಪರೀಕ್ಷೆ ಮಾತ್ರ ನಡೆಯಲೇ ಇಲ್ಲ.

ಸರಿ, ನಾಡಿ ಬಸುರನ್ನು ತಪ್ಪಿಲ್ಲದೆ ಹೇಳುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಇಲ್ಲಿ ಉಪಯೋಗವಿಲ್ಲ. ಇಲ್ಲಿ ತಿಳಿಯಬೇಕಾದದ್ದು ಗರ್ಭ ಎಲ್ಲಿ ಕೂತಿದೆ ಅನ್ನುವುದು. ಗರ್ಭ ಟ್ಯೂಬ್‌ನಲ್ಲಿ ನಿಂತರೂ ಬಸುರಿನ ಹಾರ್ಮೋನ್ ಎಚ್‌ಸಿಜಿ ರಕ್ತಕ್ಕೆ ಬರುತ್ತದೆ, ಮುಟ್ಟು ನಿಲ್ಲುತ್ತದೆ, ವಾಕರಿಕೆಯೂ ಬರಬಹುದು. ಮೆಡಿಕಲ್ ಶಾಪಿನ ಕಿಟ್‌ಗೂ ಇದೇ ಮಿತಿ. ಎರಡು ಗೆರೆ ಬಂದವು ಅಂದರೆ ಬಸುರು ಅಷ್ಟೇ, ಜಾಗ ಅದಕ್ಕೂ ಗೊತ್ತಿಲ್ಲ.

ಜಾಗ ತೋರಿಸುವುದು ಸ್ಕ್ಯಾನ್, ಅದರಲ್ಲೂ ಯೋನಿಯ ಮೂಲಕ ಮಾಡುವ ಸ್ಕ್ಯಾನ್. ತೀರಾ ಬೇಗ ಮಾಡಿದರೆ ಅದರಲ್ಲೂ ಏನೂ ಕಾಣದೆ ಇರಬಹುದು. ಆಗ ರಕ್ತದಲ್ಲಿ ಅದೇ ಹಾರ್ಮೋನ್ ಎಷ್ಟಿದೆ ಅಂತ (ಬೀಟಾ ಎಚ್‌ಸಿಜಿ ಪರೀಕ್ಷೆ) ನೋಡಿ, 48 ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಏರಬೇಕಾದಷ್ಟು ಏರದಿದ್ದರೆ ಅನುಮಾನ ಬರುತ್ತದೆ. ಕೆಲವು ಟ್ಯೂಬ್ ಗರ್ಭಗಳಲ್ಲಿ ಅದು ಸರಿಯಾಗಿಯೇ ಏರುತ್ತದೆ, ಆದ್ದರಿಂದ ಸ್ಕ್ಯಾನ್ ಮತ್ತೆ ಮಾಡಲೇಬೇಕು. ಚೀನಾದಲ್ಲೂ ಹೀಗೇ. ಅಲ್ಲಿನ ಸಾಂಪ್ರದಾಯಿಕ ವೈದ್ಯದ ಆಸ್ಪತ್ರೆಗಳಲ್ಲೂ ಸ್ಕ್ಯಾನ್ ಯಂತ್ರ, ಲ್ಯಾಬ್ ಎರಡೂ ಇರುತ್ತವೆ.

ಬೇಗ ಪತ್ತೆಯಾದರೆ ಕೆಲವರಿಗೆ ಗರ್ಭ ಬೆಳೆಯದಂತೆ ತಡೆಯುವ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ನೇ ಸಾಕಾಗುತ್ತದೆ. ತಡವಾದರೆ ಆಪರೇಷನ್. ಟ್ಯೂಬ್ ಗರ್ಭಕೋಶದ ಹಾಗೆ ಹಿಗ್ಗುವುದಿಲ್ಲ, ಒಡೆಯುತ್ತದೆ. ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ನಾಡಿ ಸಾಮಾನ್ಯವಾಗಿ ಬದಲಾಗುವುದು ಆಗ, ಅಂದರೆ ಜೀವಕ್ಕೆ ಅಪಾಯ ಬಂದ ಮೇಲೆ. ಅದನ್ನೂ ನಂಬುವ ಹಾಗಿಲ್ಲ. ರಕ್ತ ಹೋದರೆ ನಾಡಿ ಜೋರಾಗಿ ಓಡಬೇಕು ಅಲ್ವಾ? ಹೊಟ್ಟೆಯೊಳಗೆ ರಕ್ತ ಸೋರಿದ ಕೆಲವರಲ್ಲಿ ಅದು ಓಡದೆ ನಿಧಾನವಾಗಿಯೇ ಇರುತ್ತದೆ. ತುರ್ತು ವಿಭಾಗದ ವೈದ್ಯರೂ ಮೋಸ ಹೋಗುವ ಜಾಗ ಇದು.

ಬಸುರು ಅಂತ ಗೊತ್ತಾಗಿ, ಅಥವಾ ಮುಟ್ಟು ತಡವಾಗಿ, ಕೆಳಹೊಟ್ಟೆಯ ಒಂದು ಪಕ್ಕ ನೋವು, ಸ್ವಲ್ಪ ಸ್ವಲ್ಪ ರಕ್ತಸ್ರಾವ ಇದ್ದರೆ ಅವತ್ತೇ ತೋರಿಸಿ. ತಲೆ ಸುತ್ತಿ ಬಿದ್ದರೆ, ಹೆಗಲ ತುದಿ ನೋಯುತ್ತಿದ್ದರೆ ಆಂಬುಲೆನ್ಸ್ ಕರೆಸಿ. ಹೊಟ್ಟೆಗೂ ಹೆಗಲಿಗೂ ಏನು ಸಂಬಂಧ ಅನ್ನಿಸಬಹುದು. ಸೋರಿದ ರಕ್ತ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಗೆ) ತಾಕಿದರೆ ನೋವು ಹೆಗಲಲ್ಲಿ ಕಾಣಿಸುತ್ತದೆ. ಹಿಂದೊಮ್ಮೆ ಟ್ಯೂಬ್ ಗರ್ಭ ಆಗಿದ್ದವರು, ಟ್ಯೂಬ್ ಆಪರೇಷನ್ ಆದವರು, ಕಾಪರ್ ಟಿ ಇದ್ದೂ ಬಸುರಾದವರು ನೋವಿಗಾಗಿ ಕಾಯದೆ ಬೇಗನೇ ಸ್ಕ್ಯಾನ್ ಮಾಡಿಸಿ.