ಮೊನ್ನೆ ಎಂದರೆ ಎಷ್ಟನೇ ದಿನ?

ನಮ್ಮ ‘ಮೊನ್ನೆ’ಯನ್ನು ಒಂದೇ ಪದದಲ್ಲಿ ಹೇಳಲು ಇಂದಿನ ಇಂಗ್ಲಿಷಿಗೆ ಆಗುವುದಿಲ್ಲ. ನಿನ್ನೆಯನ್ನು ಹಿಡಿದುಕೊಂಡು ಅದರ ಹಿಂದಿನ ದಿನ ಎಂದು ಸುತ್ತಿ ಬಳಸಿ ಹೇಳಬೇಕು. ‘ನಾಡಿದ್ದು’ವಿಗೂ ಅದೇ ಗತಿ. ಹಿಂದೆ ಇಷ್ಟು ಬಡತನ ಇರಲಿಲ್ಲ. 1535ರ ಮೈಲ್ಸ್ ಕವರ್‌ಡೇಲ್ ಬೈಬಲ್ಲಿನಲ್ಲಿ ನಾಡಿದ್ದಿಗೆ ‘ಓವರ್‌ಮಾರೋ’ ಎಂಬ ಸೊಗಸಾದ ಪದವಿದೆ. ಅದು ಏಕೆ ಬಳಕೆ ತಪ್ಪಿತೋ, ನನಗಂತೂ ಅದರ ಮೇಲೆ ಮರುಕ.

ಮೊನ್ನೆಗೆ ಸಂಬಂಧಿಸಿದ ಒಂದು ಪದವನ್ನು ಲ್ಯಾಟಿನ್ನಿನಿಂದ ಎತ್ತಿ ತಂದವನು ನಥಾನಿಯಲ್ ವಾರ್ಡ್ ಎಂಬ ಪ್ಯೂರಿಟನ್ ಪಾದ್ರಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವರ್ಷಗಟ್ಟಲೆ ಇದ್ದ ಈತ 1647ರ ತನ್ನ ಪುಸ್ತಕದಲ್ಲಿ, ಈ ವಾರ ರಾಣಿ ಏನು ಉಟ್ಟಿದ್ದಾಳೆ, ಅರಮನೆಯ ‘ನ್ಯೂಡಿಯಸ್‌ಟರ್ಷಿಯನ್’ ಫ್ಯಾಷನ್ ಯಾವುದು ಎಂದು ವಿಚಾರಿಸುತ್ತ ತಿರುಗುವ ಹೆಂಗಸರ ಮೇಲೆ ಹರಿಹಾಯುತ್ತಾನೆ. ಅಂದರೆ ಮೊನ್ನೆಯ ಫ್ಯಾಷನ್, ತೀರಾ ಹೊಸದು. ಬೈಯುವುದಕ್ಕೂ ಲ್ಯಾಟಿನ್ ಬೇಕಾಯಿತು ಪಾದ್ರಿಗೆ!

ಪದವನ್ನು ಬಿಡಿಸಿ ನೋಡಿದರೆ ಒಂದು ಒಗಟು ಎದುರಾಗುತ್ತದೆ. ಲ್ಯಾಟಿನ್ನಿನ ‘ನುದಿಯುಸ್ ತೆರ್ತಿಯುಸ್’ ಎಂದರೆ ‘ಈಗ ಮೂರನೇ ದಿನ’. ಮೊನ್ನೆ ಕಳೆದು ಎರಡೇ ದಿನವಲ್ಲವೇ, ಮೂರು ಎಲ್ಲಿಂದ ಬಂತು? ಬೆರಳು ಮಡಿಸಿ ನೋಡಿ. ರೋಮನ್ನರ ಮೊದಲ ಬೆರಳು ಇವತ್ತಿಗೇ ಮಡಿಯುತ್ತಿತ್ತು. ಇವತ್ತು ಒಂದು, ನಿನ್ನೆ ಎರಡು, ಮೊನ್ನೆ ಮೂರು. ಅವರ ಅಂಕಿಗಳಲ್ಲಿ ಸೊನ್ನೆ ಇರಲಿಲ್ಲ. ನಿಂತ ಜಾಗವೂ ಲೆಕ್ಕಕ್ಕೆ ಸೇರುತ್ತಿತ್ತು. ಎಂಟು ದಿನಕ್ಕೊಮ್ಮೆ ಕೂಡುತ್ತಿದ್ದ ಅವರ ಸಂತೆಗೆ ಒಂಬತ್ತರ ಹೆಸರು: ‘ನುಂದಿನೆ’. ಮಾರ್ಚ್ 15ಕ್ಕೆ ಐಡ್ಸ್ ಎಂದು ಹೆಸರು. 13 ಅದಕ್ಕೆ ‘ಮೂರನೇ ದಿನ ಮುಂಚೆ’.

ಈ ಲೆಕ್ಕ ಒಮ್ಮೆ ಇಡೀ ಸಾಮ್ರಾಜ್ಯದ ಕ್ಯಾಲೆಂಡರನ್ನೇ ಕೆಡಿಸಿತು. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಹೊಸ ಕ್ಯಾಲೆಂಡರ್ ಜಾರಿಗೆ ತಂದು, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸಬೇಕೆಂದು ಗೊತ್ತುಮಾಡಿದ. ಮರುವರ್ಷ ಅವನ ಕೊಲೆಯಾಯಿತು. ಸಂದೇಹ ಬಂದರೆ ಕೇಳಲು ಯಾರೂ ಉಳಿಯಲಿಲ್ಲ. ಕ್ಯಾಲೆಂಡರಿನ ಹೊಣೆ ಹೊತ್ತ ಪುರೋಹಿತರು ‘ಪ್ರತಿ ನಾಲ್ಕನೇ ವರ್ಷ’ವನ್ನು ತಮ್ಮ ರೂಢಿಯಂತೆ ಎಣಿಸಿದರು: ಅಧಿಕ ವರ್ಷವೇ ಒಂದು, ಮುಂದಿನದು ಎರಡು, ಮೂರು, ನಾಲ್ಕು, ಸರಿ, ಮತ್ತೆ ಅಧಿಕ ವರ್ಷ. ಹೀಗೆ ಮೂರೇ ವರ್ಷಕ್ಕೊಮ್ಮೆ ದಿನ ಸೇರುತ್ತ ಹೋಯಿತು. 36 ವರ್ಷಗಳಲ್ಲಿ 9ರ ಬದಲು 12 ದಿನ ಸೇರಿಹೋಗಿದ್ದವು ಎಂದು ರೋಮನ್ ಲೇಖಕ ಮ್ಯಾಕ್ರೋಬಿಯಸ್ ಬರೆಯುತ್ತಾನೆ. ಕೊನೆಗೆ ಅಗಸ್ಟಸ್ ಚಕ್ರವರ್ತಿ ಕೆಲವು ಅಧಿಕ ವರ್ಷಗಳನ್ನು ಕೈಬಿಡಿಸಿ ಸರಿಪಡಿಸಬೇಕಾಯಿತು. ಪುರೋಹಿತರಿಗೆ ಗಣಿತ ಬರುತ್ತಿರಲಿಲ್ಲ ಎಂದು ನಗುವುದು ಸುಲಭ. ಆದರೆ ಸ-ರಿ-ಗ-ಮ-ಪ-ದ-ನಿ ಎಂದು ಏಳನ್ನೆಣಿಸಿ ಹಿಂದೂಸ್ತಾನಿಯವರು ‘ಸಪ್ತಕ’ ಎನ್ನುವ ಅಂತರವನ್ನೇ ಪಾಶ್ಚಾತ್ಯರು ಮೇಲಿನ ಸ ಕೂಡಿಸಿ, ‘ಎಂಟನೆಯದು’ ಎಂಬ ಲ್ಯಾಟಿನ್ ಪದದಿಂದ ‘ಆಕ್ಟೇವ್’ ಎಂದು ಕರೆಯುತ್ತಾರೆ. ಇವರಲ್ಲಿ ಯಾರಿಗೆ ಲೆಕ್ಕ ಬರುವುದಿಲ್ಲ ಎನ್ನೋಣ?

ದಿನಗಳನ್ನು ಕುರಿತ ಇಂಥ ಲ್ಯಾಟಿನ್ ಪದಗಳು ಇಂಗ್ಲಿಷ್ ನಿಘಂಟುಗಳಲ್ಲಿ ಇನ್ನೂ ಇವೆ. ನಿನ್ನೆಯದು ‘ಹೆಸ್ಟರ್ನಲ್’, ಇಂದಿನದು ‘ಹೋಡಿಯರ್ನಲ್’. ಕೆಲಸವನ್ನು ನಾಳೆಗೆ ತಳ್ಳುವ ‘ಪ್ರೊಕ್ರಾಸ್ಟಿನೇಟ್’ ಮಾತ್ರ ಎಲ್ಲರ ಬಾಯಲ್ಲೂ ಇದೆ. ಅದರ ಹೊಟ್ಟೆಯಲ್ಲಿರುವ ‘ಕ್ರಾಸ್’ ಎಂದರೆ ನಾಳೆ. ನಾಡಿದ್ದಿಗೆ ತಳ್ಳುವ ‘ಪೆರೆಂಡಿನೇಟ್’ ಅಷ್ಟು ಅದೃಷ್ಟವಂತ ಪದವಲ್ಲ. ರೋಮನ್ ನ್ಯಾಯಾಲಯಗಳು ವಿಚಾರಣೆಯನ್ನು ನಾಡಿದ್ದಿಗೆ ಮುಂದೂಡುವುದಕ್ಕೂ ಇದೇ ಮೂಲದ ಪದವನ್ನು ಬಳಸುತ್ತಿದ್ದವು. ನಮ್ಮ ಕೋರ್ಟುಗಳ ವಾಯಿದೆಯ ಮುಂದೆ ಅದು ಮಿಂಚಿನ ವೇಗ.

ರೋಮನ್ ಬೆರಳೆಣಿಕೆ ಇಂದಿಗೂ ಜೀವಂತವಾಗಿರುವುದು ವೈದ್ಯರ ಪುಸ್ತಕದಲ್ಲಿ. ಮಲೇರಿಯಾದಲ್ಲಿ ‘ಟರ್ಷಿಯನ್’ ಜ್ವರ ಎಂಬ ಬಗೆಯಿದೆ, ಅಕ್ಷರಶಃ ‘ಮೂರನೇ ದಿನದ್ದು’. ಆದರೆ ಅದು ಬರುವುದು 48 ಗಂಟೆಗೊಮ್ಮೆ. ಸೋಮವಾರ ನಡುಕ, ಮಂಗಳವಾರ ಬಿಡುವು, ಬುಧವಾರ ಮತ್ತೆ ನಡುಕ: ಎಣಿಸಿದರೆ ಬುಧವಾರ ಮೂರನೆಯದು. 72 ಗಂಟೆಗೊಮ್ಮೆ ಬರುವುದು ‘ಕ್ವಾರ್ಟನ್’, ನಾಲ್ಕನೆಯದು. ಆಯುರ್ವೇದದ ‘ತೃತೀಯಕ’ ಮತ್ತು ‘ಚತುರ್ಥಕ’ ಜ್ವರಗಳೂ ಇದೇ ಲೆಕ್ಕದವು. ‘ದಿನ ಬಿಟ್ಟು ದಿನ ಬರುವ ಚಳಿಜ್ವರ’ ಎನ್ನುವವರಿಗೆ ಈ ಗೊಂದಲವೇ ಇಲ್ಲ.

ಈ ವಾಯಿದೆಯ ಗುಟ್ಟು ಮಲೇರಿಯಾ ತರುವ ಪರಾವಲಂಬಿಯ ಬದುಕಿನಲ್ಲಿದೆ. ಟರ್ಷಿಯನ್ ಜ್ವರ ತರುವ ಪ್ಲಾಸ್ಮೋಡಿಯಂ ವೈವ್ಯಾಕ್ಸ್ ಕೆಂಪು ರಕ್ತಕಣದೊಳಗೆ ಹೊಕ್ಕು, ಬೆಳೆದು, ಹೋಳಾಗಿ, ಕಣವನ್ನು ಒಡೆದು ಹೊರಬರಲು ಸುಮಾರು 48 ಗಂಟೆ ಬೇಕು. ಒಂದೇ ತಂಡದ ಪರಾವಲಂಬಿಗಳು ಹೆಚ್ಚುಕಡಿಮೆ ಒಟ್ಟಿಗೆ ಕಣಗಳನ್ನು ಒಡೆಯುತ್ತವೆ; ಆಗ ರಕ್ತಕ್ಕೆ ಬೀಳುವ ಕಶ್ಮಲ ಚಳಿ ಹುಟ್ಟಿಸಿ ಜ್ವರ ಏರಿಸುತ್ತದೆ. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1880ರ ದಶಕದಲ್ಲಿ ರೋಗಿಗಳ ರಕ್ತವನ್ನು ನೋಡಿ ನೋಡಿ, ಜ್ವರದ ಸರದಿಗೂ ಪರಾವಲಂಬಿಯ ಬೆಳವಣಿಗೆಗೂ ತಾಳೆ ಹಾಕಿದ.

ಷೇಕ್ಸ್‌ಪಿಯರನ ‘ಐದನೇ ಹೆನ್ರಿ’ ನಾಟಕದಲ್ಲಿ ಮಿಸ್ಟ್ರೆಸ್ ಕ್ವಿಕ್ಲಿ ಎಂಬ ಹೆಂಡದಂಗಡಿಯ ಒಡತಿ, ಸಾಯಲಿರುವ ಫಾಲ್‌ಸ್ಟಾಫನಿಗೆ ಉರಿಯುವ ‘ಕ್ವೋಟಿಡಿಯನ್ ಟರ್ಷಿಯನ್’ ಬಂದಿದೆ ಎಂದು ಗೋಳಿಡುತ್ತಾಳೆ. ಕ್ವೋಟಿಡಿಯನ್ ಎಂದರೆ ದಿನಾ ಬರುವುದು. ದಿನಾ ಬರುವ ದಿನ ಬಿಟ್ಟು ದಿನದ ಜ್ವರ! ಓದುಬರಹ ಕಡಿಮೆಯಿರುವ ಹೆಂಗಸು ದೊಡ್ಡ ಪದಗಳನ್ನು ಕಲಸಿಬಿಟ್ಟಳೆಂದು ನಗಿಸುವ ಮಾತು ಅದು. ಆದರೆ ವೈವ್ಯಾಕ್ಸ್‌ನ ಎರಡು ತಂಡಗಳು ಒಂದೇ ಮೈಯಲ್ಲಿ ಸೇರಿಕೊಂಡು, ಒಂದು ಸೋಮವಾರ ಬುಧವಾರಗಳಂದು, ಇನ್ನೊಂದು ಮಂಗಳವಾರ ಗುರುವಾರಗಳಂದು ಕಣ ಒಡೆಯುವುದುಂಟು. ರೋಗಿಗೆ ಆಗ ಜ್ವರ ದಿನವೂ ಬರುತ್ತದೆ. ವೈದ್ಯರು ಅದನ್ನು ಜೋಡಿ ಟರ್ಷಿಯನ್ ಎನ್ನುತ್ತಾರೆ.